ಪೀಕದಾನಿಯಲ್ಲಿ ಸಿಕ್ಕ ಸತ್ಯ

ಮಾನ್ಯರೇ,

ವಿದೇಶಿ ವರದಿಗಾರಿಕೆಯ ಮಾತು ಬಂದಾಗಲೆಲ್ಲ ನನಗೆ ವೇಲ್ಸ್‌ನ ಪತ್ರಕರ್ತ ಗ್ಯಾರೆತ್ ಜೋನ್ಸ್ ನೆನಪಾಗುತ್ತಾರೆ. 1933ರ ಮಾರ್ಚ್‌ನಲ್ಲಿ ಅವರು ಸೋವಿಯತ್ ಉಕ್ರೇನಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿದರು. ರೈಲಿನಲ್ಲಿ ಕಮ್ಯುನಿಸ್ಟನೊಬ್ಬ ‘ಬರಗಾಲವೇ ಇಲ್ಲ’ ಎಂದು ವಾದಿಸಿದಾಗ ಜೋನ್ಸ್ ತಾವು ತಿನ್ನುತ್ತಿದ್ದ ಬ್ರೆಡ್ಡಿನ ಚೂರನ್ನು ಪೀಕದಾನಿಗೆ ಎಸೆದರು. ಜೊತೆಯಲ್ಲಿದ್ದ ರೈತ ಅದನ್ನು ಹೆಕ್ಕಿ ಗಬಗಬನೆ ತಿಂದ. ಆಮೇಲೆ ಎಸೆದ ಕಿತ್ತಳೆ ಸಿಪ್ಪೆಯನ್ನೂ ಬಿಡಲಿಲ್ಲ!

ಬರ್ಲಿನ್ನಿಗೆ ಬಂದು ಜೋನ್ಸ್ ಈ ಹಸಿವನ್ನು ಜಗತ್ತಿಗೆ ಸಾರಿದರೆ, ‘ನ್ಯೂಯಾರ್ಕ್ ಟೈಮ್ಸ್’ನ ವಾಲ್ಟರ್ ಡ್ಯುರಾಂಟಿ ಎರಡೇ ದಿನದಲ್ಲಿ ಅಲ್ಲಗಳೆದು ಬರೆದರು. ಡ್ಯುರಾಂಟಿಗೆ 1932ರಲ್ಲಿ ಸಿಕ್ಕ, ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಇನ್ನೂ ರದ್ದಾಗಿಲ್ಲ, ಇದು ಘೋರ ಅನ್ಯಾಯ. ಜೋನ್ಸ್ 1935ರಲ್ಲಿ, 30 ತುಂಬಲು ಒಂದೇ ದಿನವಿರುವಾಗ, ಅಪಹರಣಕಾರರ ಗುಂಡಿಗೆ ಬಲಿಯಾದರು. ನಮ್ಮ ಪತ್ರಿಕೋದ್ಯಮದ ತರಗತಿಗಳಲ್ಲಿ ಅವರ ಹೆಸರು ಕೇಳಿಬರಲಿ.

– ಓರ್ವ ಓದುಗ, ಧಾರವಾಡ