ಬೆಲ್ಟ್ರೆ ಬಗ್ಗೆ ವಾದಕ್ಕಿಳಿಯುವ ಮುಂಚೆ

ಗೆಳೆಯರೇ, ಬೇಸ್‌ಬಾಲ್ ಆಟಗಾರ ಆಡ್ರಿಯನ್ ಬೆಲ್ಟ್ರೆ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ದೊಡ್ಡ ಗೌರವ) ಅರ್ಹರಾ ಅಂತ ಇಲ್ಲಿ ಮತ್ತೆ ವಾದ ಶುರುವಾಗಿದೆ. ಸ್ವಲ್ಪ ಇದನ್ನು ಓದಿ. 2018ರಲ್ಲಿ ಆಟ ಬಿಟ್ಟಾಗ ಅವರ ಹೆಸರಲ್ಲಿದ್ದದ್ದು 3,166 ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದ್ದು), 477 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬಂದದ್ದು). ಥರ್ಡ್ ಬೇಸ್‌ನಲ್ಲಿ ಫೀಲ್ಡಿಂಗ್ ಮಾಡಿದ್ದಕ್ಕೆ 5 ಗೋಲ್ಡ್ ಗ್ಲೋವ್ (ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ). ಹಾಲ್ ಆಫ್ ಫೇಮ್ ಸೇರೋಕೆ ನಿವೃತ್ತಿಯಾಗಿ ಐದು ವರ್ಷ ಕಾಯಬೇಕು, ಬೇಸ್‌ಬಾಲ್ ಪತ್ರಕರ್ತರ 75% ವೋಟು ಬೇಕು. 2024ರಲ್ಲಿ ಮೊದಲ ಸಲಕ್ಕೇ 95.1% ಬಿತ್ತು. ಇನ್ನೇನು ವಾದ?

ನನಗಂತೂ ಅಂಕಿಗಿಂತ ಅವರ ತರಲೆ ಜಾಸ್ತಿ ಇಷ್ಟ. 2017ರಲ್ಲಿ ಅಂಪೈರ್ ‘ಆನ್-ಡೆಕ್ ಸರ್ಕಲ್‌ಗೆ ಹೋಗಿ’ (ಮುಂದಿನ ಬ್ಯಾಟರ್ ಕಾಯುವ, ಚಾಪೆ ಹಾಸಿದ ಜಾಗ) ಅಂದರೆ, ಇವರು ಆ ಚಾಪೆಯನ್ನೇ ತಾವು ನಿಂತಲ್ಲಿಗೆ ಎಳೆದುಕೊಂಡರು! ಅಂಪೈರ್ ಸೀದಾ ಆಟದಿಂದ ಹೊರಗೆ ಕಳಿಸಿದರು. ನಾಲ್ಕೇ ದಿನದಲ್ಲಿ 3,000ನೇ ಹಿಟ್.

ಆ ವಿಡಿಯೋ ಇದ್ದವರು ಹಾಕಿ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಬೇಡ.