ಪಾಲನಾ ಯೋಜನೆಯಿಲ್ಲದೆ ವಿಚ್ಛೇದನದ ಆದೇಶ ಬೇಡ

ಮಾನ್ಯ ಸಂಪಾದಕರೇ,

ಲೋಕ ಅದಾಲತ್ ನಡೆದಾಗಲೆಲ್ಲ, ಮುನಿಸು ಮರೆತು ಒಂದಾದ ದಂಪತಿಗಳು ಹಾರ ಬದಲಿಸಿಕೊಳ್ಳುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಅದು ಸಂತೋಷದ ಸಂಗತಿಯೇ. ಆದರೆ ಒಂದಾಗಲಾರದೆ ಬೇರ್ಪಟ್ಟವರ ಮಕ್ಕಳ ಬಗ್ಗೆ ಅಷ್ಟೇ ಕಾಳಜಿಯ ಮಾತು ಕೇಳಿಬರುವುದಿಲ್ಲವೆಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ತಂದೆ ತಾಯಿ ಬೇರೆಯಾದರೆ ಮಕ್ಕಳ ಬಾಳು ಹಾಳಾಯಿತೆಂದು ಮರುಗುವುದು ನಮ್ಮಲ್ಲಿ ರೂಢಿ. ಇಂತಹ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಅವರಿಗೆ ಕಂಡದ್ದು ಬೇರೆ. ಆರಂಭದ ಒಂದೆರಡು ವರ್ಷ ಮಕ್ಕಳು ಸಿಟ್ಟು, ಆತಂಕಗಳಲ್ಲಿ ಬಳಲಿದರೂ ಬಹುಪಾಲು ಮಂದಿ ಕ್ರಮೇಣ ಚೇತರಿಸಿಕೊಂಡರು. ಗಂಭೀರ ತೊಂದರೆ ಉಳಿದದ್ದು ಶೇ 20ರಿಂದ 25ರಷ್ಟು ಮಕ್ಕಳಲ್ಲಿ. ಕೂಡಿ ಬಾಳುವ ದಂಪತಿಗಳ ಮಕ್ಕಳಲ್ಲಿ ಈ ಪ್ರಮಾಣ ಶೇ 10ರಷ್ಟಿತ್ತು. ಈ ಅಂತರವನ್ನು ಹಗುರವಾಗಿ ಕಾಣುವಂತಿಲ್ಲ, ನಿಜ. ಆದರೆ ಮಗುವನ್ನು ಬೇರ್ಪಡುವಿಕೆಗಿಂತಲೂ ಹೆಚ್ಚಾಗಿ ಕುಗ್ಗಿಸುವುದು ಅದರ ಮುಂಚೆಯೂ ನಂತರವೂ ಮುಗಿಯದ ಜಗಳ. ಭಾನುವಾರ ತಂದೆಯನ್ನು ಕಂಡು ಬಂದ ಮಗುವನ್ನು ಕೂರಿಸಿಕೊಂಡು ‘ಅಲ್ಲಿ ಏನೆಂದರು’ ಎಂದು ವಿಚಾರಿಸುವುದು, ಶಾಲೆಯ ಶುಲ್ಕ, ಜೀವನಾಂಶದ ಬಾಕಿಯನ್ನು ಅದರ ಬಾಯಲ್ಲೇ ಕೇಳಿಸುವುದು, ಅಜ್ಜಿ ತಾತಂದಿರು ಅದರ ಎದುರಿಗೇ ಇನ್ನೊಂದು ಮನೆಯವರನ್ನು ಹಳಿಯುವುದು: ಯಾವ ದಾವೆಯಲ್ಲೂ ದಾಖಲಾಗದ ಈ ಹಿಂಸೆ ಮಗುವಿನ ನಿದ್ದೆಯನ್ನೂ ಓದನ್ನೂ ಕೆಡಿಸುತ್ತದೆ.

ಮಗುವಿನ ಹಿತವೇ ಪರಮೋಚ್ಚವೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲೇ ಇದೆ. ಮಗುವಿನ ಪಾಲನೆಯ ಹೊಣೆಯನ್ನು ತಂದೆ ತಾಯಿ ಇಬ್ಬರೂ ಹಂಚಿಕೊಳ್ಳುವ ಜಂಟಿ ಸುಪರ್ದಿಗೆ ಅವಕಾಶ ಕೊಡಬೇಕೆಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಅದು ಇನ್ನೂ ಶಾಸನವಾಗಿಲ್ಲ.

ಶಾಸನ ಬರುವವರೆಗೆ ಕಾಯಬೇಕಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಕೈಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೀಗೆ ಬೇಗ ಬಿಡುಗಡೆ ಬಯಸುವ ದಂಪತಿಗೆ ಚಿಕ್ಕ ಮಕ್ಕಳಿದ್ದರೆ, ವಾರದ ದಿನಗಳಲ್ಲಿ ಮಗು ಎಲ್ಲಿರುತ್ತದೆ, ಹಬ್ಬ ಮತ್ತು ರಜೆಗಳು ಯಾರ ಬಳಿ, ಶಾಲೆಯ ಖರ್ಚು ಯಾರದು, ಕಾಯಿಲೆಯಾದಾಗ ಯಾರು ನಿರ್ಧರಿಸಬೇಕು ಎಂಬ ಲಿಖಿತ ಪಾಲನಾ ಯೋಜನೆಯನ್ನು ನ್ಯಾಯಾಲಯ ಮೊದಲೇ ಪಡೆದುಕೊಳ್ಳಲಿ. ಮನೆಯಲ್ಲಿ ಹೊಡೆತ ಬಡಿತವಿದ್ದ ಪ್ರಕರಣಗಳಲ್ಲಿ ಸಮಾನ ಪಾಲಿನ ಮಾತಿಗಿಂತ ಮಗುವಿನ ಹಾಗೂ ತಾಯಿಯ ಸುರಕ್ಷತೆ ಮುಖ್ಯವಾಗಬೇಕು. ಪ್ರತಿ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯದಲ್ಲೂ ಮಕ್ಕಳೊಂದಿಗೆ ಮಾತನಾಡಲು ತರಬೇತಿ ಪಡೆದ ಆಪ್ತಸಮಾಲೋಚಕರು ತಂದೆ ತಾಯಿಯಿಲ್ಲದ ಕೋಣೆಯಲ್ಲಿ ಮಗುವಿನ ಮಾತು ಕೇಳುವಂತಾಗಬೇಕು. ರಾಜ್ಯ ಹೈಕೋರ್ಟ್ ಮತ್ತು ಕಾನೂನು ಸೇವಾ ಪ್ರಾಧಿಕಾರ ಈ ದಿಸೆಯಲ್ಲಿ ಸೂಚನೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಮೈಸೂರು