ಅಕ್ಕಿ ಚೀಲದ ಮೇಲೆ ಕೆಡದ ಲೋಗೊ

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಚೀಲಗಳನ್ನು ಸಾಲಾಗಿ ಇಟ್ಟರೆ ಯಾವುದು ಯಾವ ಮಿಲ್ಲಿನದೆಂದು ಗುರುತು ಹತ್ತುವುದಿಲ್ಲ. ಎಲ್ಲದರ ಮೇಲೂ ಅದೇ ಭತ್ತದ ತೆನೆ!

ಮೊಬೈಲಿನಲ್ಲಿ ಚಂದ ಕಂಡ ಲೋಗೊ ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ಕೆಡುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟು, ಅಂದರೆ ಮುದ್ರಿಸುವ ಅಚ್ಚು. ಅದು ತುಸು ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಸಣ್ಣ ಗೆರೆ ನೇಯ್ಗೆಯ ಸಂದಿಯಲ್ಲಿ ಒಡೆಯುತ್ತದೆ. ‘ಲಕ್ಷ್ಮಿ’ ಎಂದು ಬರೆಸಿದರಂತೂ ಕೆಳಗಿನ ಎರಡು ಒತ್ತುಗಳು ಇಂಕು ತುಂಬಿ ಬರೀ ಕಪ್ಪು ಚುಕ್ಕೆ. ಒತ್ತಕ್ಷರವನ್ನು ದಪ್ಪ ಮಾಡುವುದಕ್ಕಿಂತ ಒಳಗಿನ ಖಾಲಿ ಜಾಗ ಹಿಗ್ಗಿಸಿ.

ಮಿಲ್ ಮಾಲೀಕರೇ, ಡಿಸೈನರ್ ಲೋಗೊವನ್ನು ಮೊದಲು ಕಪ್ಪು-ಬಿಳುಪಿನಲ್ಲೇ ಬಿಡಿಸಲಿ, ಆಮೇಲೆ ಎರಡು ಬಣ್ಣ ಸಾಕು. 2 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆದು ಓದಿ ನೋಡಿ. ಬಿಲ್ ಬುಕ್ಕಿನಲ್ಲಿ ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ.

ಡಿಸೈನರ್ ಕಡೆಯಿಂದ ಬರೀ ಜೆಪಿಜಿ ಇಸಕೊಂಡು ಬರಬೇಡಿ, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಫೈಲು ಕೇಳಿ. ಅದರಲ್ಲಿ ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಕರ್ವ್ ಮಾಡಿಸಿರಬೇಕು, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿರಬೇಕು, ಇಲ್ಲವಾದರೆ ಆ ಫಾಂಟ್ ಇಲ್ಲದ ಪ್ರೆಸ್ಸಿನಲ್ಲಿ ಕನ್ನಡ ಹೋಗಿ ಏನೇನೋ ಚಿಹ್ನೆ ಬರುತ್ತವೆ.

ಪ್ಲೇಟು ಮಾಡಿಸುವ ಮುನ್ನವೇ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಆಗಲೇ ಬೇರೆಯವರದಾಗಿದೆಯೇ ಎಂದು ಹುಡುಕಿ. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಅಕ್ಕಿಗೆ 30ನೇ ವರ್ಗ. ನೋಂದಣಿ 10 ವರ್ಷಕ್ಕೆ, ನಂತರ ನವೀಕರಿಸಬೇಕು.

– ಲೋಗೊ ವಿನ್ಯಾಸಕರು, ಗಂಗಾವತಿ, ಕೊಪ್ಪಳ ಜಿಲ್ಲೆ